ಮೂರು ಪಾಯಿಂಟಿನ ಒಂದು ಪಂದ್ಯಕ್ಕೆ ಇಷ್ಟು ಒದ್ದಾಟ ಯಾಕೆ?

ನಾನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಅಭಿಮಾನಿ ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. "ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯ ಅಂದ್ರೆ ಸಾಕು, ವಾರ ಪೂರ್ತಿ ಒದ್ದಾಡ್ತೀಯಲ್ಲ, ಯಾಕೆ? ಗೆದ್ರೂ ಸಿಗೋದು ಮೂರೇ ಪಾಯಿಂಟು. ಅವರೂ ಈಗ ಮೊದಲಿನ ಹಾಗಿಲ್ಲ."

ಪಾಯಿಂಟಿನ ಲೆಕ್ಕ ನಿಜ. ಆದರೆ ಈ ಪಂದ್ಯ ಪ್ರೀಮಿಯರ್ ಲೀಗಿನ ಒಳಗೇ ಇದ್ದರೂ ಅದರ ಪಾಯಿಂಟ್ ಪಟ್ಟಿಗೆ ಸಿಕ್ಕುವುದಿಲ್ಲ. ವರ್ಷದ ಕೊನೆಗೆ ಲೀಗಿನ ಕಪ್ ಯಾರ ಕೈಗೆ ಹೋದರೂ ಈ ಪಂದ್ಯದ ಸೋಲು ಗೆಲುವು ಬೇರೆಯಾಗಿಯೇ ಉಳಿಯುತ್ತದೆ.

2008-09ರ ಸೀಸನ್ ನೋಡಿ. ಸೆಪ್ಟೆಂಬರಿನಲ್ಲಿ ನಮ್ಮ ಮನೆ ಆನ್‌ಫೀಲ್ಡ್‌ನಲ್ಲಿ ನಾವು 2-1ರಿಂದ ಗೆದ್ದೆವು. ಮಾರ್ಚ್‌ನಲ್ಲಿ ಅವರ ಮನೆ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ಗೋಲು ಅವರದು, ರೊನಾಲ್ಡೊ ಪೆನಾಲ್ಟಿ. ಆಮೇಲೆ ನಮ್ಮವರ ಸರದಿ: ಟೊರೆಸ್, ಜೆರಾರ್ಡ್, ಆರೆಲಿಯೊ, ಕಡೆಗೆ ಗೋಲ್‌ಕೀಪರ್ ತಲೆ ಮೇಲಿಂದ ಚೆಂಡು ತೇಲಿಸಿದ ಡೊಸೆನಾ. 4-1. ಆ ವರ್ಷ ಲೀಗಿನಲ್ಲಿ ಯುನೈಟೆಡ್ ಸೋತಿದ್ದು ನಾಲ್ಕೇ ಪಂದ್ಯ, ಅದರಲ್ಲಿ ಎರಡು ನಮ್ಮ ಕೈಯಲ್ಲಿ. ಆದರೂ ಕಪ್ ಅವರದೇ. ಅವರಿಗೆ 90 ಪಾಯಿಂಟು, ನಮಗೆ 86. ನಾವು ಸೋತಿದ್ದು ಎರಡೇ, ಆದರೆ 11 ಡ್ರಾ ಮಾಡಿಕೊಂಡು ಕಪ್ ಬಿಟ್ಟುಕೊಟ್ಟೆವು. ಆ ಕಪ್ ಹೋದ ಬೇಸರ ಈಗಲೂ ಇದೆ. ಆ 4-1ರ ಖುಷಿಯೂ ಇದೆ. ಒಂದು ಇನ್ನೊಂದನ್ನು ಕರಗಿಸಿಲ್ಲ.

2023ರ ಮಾರ್ಚ್ 5 ಇದಕ್ಕಿಂತ ವಿಚಿತ್ರ. ಯುನೈಟೆಡ್ ಒಂದು ವಾರದ ಹಿಂದಷ್ಟೇ ಲೀಗ್ ಕಪ್ (ಪ್ರೀಮಿಯರ್ ಲೀಗ್ ಅಲ್ಲ, ಬೇರೆಯೇ ಟೂರ್ನಿ) ಗೆದ್ದು ಆನ್‌ಫೀಲ್ಡ್‌ಗೆ ಬಂದಿತ್ತು. ನಮ್ಮವರದು ಆ ವರ್ಷ ಏಳುಬೀಳಿನ ಆಟ. ಅರ್ಧ ಆಟ ಮುಗಿದಾಗ ನಾವು 1-0 ಮುಂದೆ. ಉಳಿದರ್ಧದಲ್ಲಿ ಆರು ಗೋಲು! ಗಾಕ್ಪೊ, ನುನೆಜ್, ಸಲಾ ತಲಾ ಎರಡು, ಕೊನೆಯದು ಫಿರ್ಮಿನೊದು. 7-0. ಆ ದಿನವೇ ಸಲಾ ಪ್ರೀಮಿಯರ್ ಲೀಗ್‌ನಲ್ಲಿ ಲಿವರ್‌ಪೂಲ್ ಪರ ಅತಿ ಹೆಚ್ಚು ಗೋಲು ಹೊಡೆದವನಾದ. ಮುಂದಿನ ಪಂದ್ಯದಲ್ಲಿ ಇದೇ ತಂಡ ಬೋರ್ನ್‌ಮತ್‌ಗೆ 1-0ರಿಂದ ಸೋತಿತು. ಸೀಸನ್ ಮುಗಿದಾಗ ಯುನೈಟೆಡ್ ಮೂರನೇ ಸ್ಥಾನ, ನಾವು ಐದನೇ ಸ್ಥಾನ. ಮೊದಲ ನಾಲ್ಕು ಸ್ಥಾನದವರಿಗೆ ಮಾತ್ರ ಯುರೋಪಿನ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್. ಏಳು ಗೋಲು ಹೊಡೆಸಿಕೊಂಡವರು ಅದಕ್ಕೆ ಹೋದರು, ಹೊಡೆದವರು ಹೋಗಲಿಲ್ಲ. ಹಾಗಂತ ಆ 7-0 ಬೇಡ, ನಾಲ್ಕನೇ ಸ್ಥಾನ ಕೊಡಿ ಅಂತ ಯಾವ ಲಿವರ್‌ಪೂಲ್ ಅಭಿಮಾನಿಯಾದರೂ ಹೇಳುತ್ತಾನಾ? ನಾನಂತೂ ಹೇಳಲ್ಲ.

ಅದರ ಮುಂದಿನ ಸೀಸನ್‌ನಲ್ಲಿ ಎಲ್ಲ ತಿರುಗುಮುರುಗು. ನಾವು ಕಪ್ಪಿನ ಓಟದಲ್ಲಿದ್ದೆವು, ಯುನೈಟೆಡ್ ಮುಗಿಸಿದ್ದು ಎಂಟನೇ ಸ್ಥಾನದಲ್ಲಿ. ಆದರೂ ಆ ವರ್ಷ ಅವರ ಎದುರು ಆಡಿದ ಮೂರು ಪಂದ್ಯಗಳಲ್ಲಿ ಒಂದನ್ನೂ ನಾವು ಗೆಲ್ಲಲಿಲ್ಲ. ಡಿಸೆಂಬರಿನಲ್ಲಿ 34 ಶಾಟ್ ಹೊಡೆದು 0-0. ಎಫ್‌ಎ ಕಪ್ (ಸೋತವರು ಹೊರಬೀಳುವ ಬೇರೆ ಟೂರ್ನಿ) ಕ್ವಾರ್ಟರ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ಕೊನೆ ಗಳಿಗೆಯಲ್ಲಿ ಅವರ ಅಮಾದ್ ಡಿಯಾಲೊ ಗೋಲು, 4-3. ಅವನು ಖುಷಿಯಲ್ಲಿ ಅಂಗಿ ಬಿಚ್ಚಿ ಎರಡನೇ ಹಳದಿ ಕಾರ್ಡ್ ತಗೊಂಡು ಹೊರಗೆ ನಡೆದ. ಸೋತವರ ಕಡೆ ಕೂತಿದ್ದ ನನಗೂ ಅವನ ಖುಷಿ ಅರ್ಥವಾಯಿತು. ಏಪ್ರಿಲ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲರ್ಧ ಪೂರ್ತಿ ಯುನೈಟೆಡ್ ಒಂದೇ ಒಂದು ಶಾಟ್ ಹೊಡೆದಿರಲಿಲ್ಲ. ಎರಡನೇ ಅರ್ಧದಲ್ಲಿ ನಮ್ಮವರ ಒಂದು ತಪ್ಪು ಪಾಸ್, ಬ್ರೂನೊ ಫೆರ್ನಾಂಡಿಸ್ ಮೈದಾನದ ನಡುವಿನಿಂದಲೇ ಹೊಡೆದು ಗೋಲು ಮಾಡಿದ. 2-2. ಎಂಟನೇ ಸ್ಥಾನದ ತಂಡ ಬೇರೆಯವರ ಎದುರು ಹೀಗೆ ಆಡುವುದಿಲ್ಲ. ನಮ್ಮ ಎದುರು ಮಾತ್ರ ಆಡುತ್ತದೆ. "ಅವರು ಈಗ ಮೊದಲಿನ ಹಾಗಿಲ್ಲ" ಅನ್ನುವ ಮಾತು ನನಗೆ ಸಮಾಧಾನ ಕೊಡದೆ ಇರುವುದು ಇದಕ್ಕೇ.

ಈ ಜಗಳ ಫುಟ್‌ಬಾಲ್‌ನಿಂದ ಮಾತ್ರ ಹುಟ್ಟಿದ್ದಲ್ಲ. ಲಿವರ್‌ಪೂಲ್ ಬಂದರಿನ ಊರು, ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಊರು. ಬಂದರಿನ ಶುಲ್ಕ ಜಾಸ್ತಿಯಾಯಿತು ಅಂತ ಮ್ಯಾಂಚೆಸ್ಟರಿನವರು ಹಡಗುಗಳು ನೇರ ತಮ್ಮಲ್ಲಿಗೇ ಬರುವಂಥ ಕಾಲುವೆ ತೋಡಿಸಿದರು. ಅದು ತೆರೆದದ್ದು 1894ರಲ್ಲಿ. ಯುನೈಟೆಡ್ ಲಾಂಛನದ ಮೇಲೆ ಇವತ್ತಿಗೂ ಹಡಗಿದೆ. ಅದೇ 1894ರ ಏಪ್ರಿಲ್‌ನಲ್ಲಿ ಈ ಎರಡು ಕ್ಲಬ್‌ಗಳು ಎದುರಾದವು. ಯುನೈಟೆಡ್‌ನ ಆಗಿನ ಹೆಸರು ನ್ಯೂಟನ್ ಹೀತ್. ಲಿವರ್‌ಪೂಲ್ 2-0ಯಿಂದ ಗೆದ್ದು ಮೊದಲ ಡಿವಿಷನ್‌ಗೆ ಏರಿತು, ನ್ಯೂಟನ್ ಹೀತ್ ಕೆಳಗಿಳಿಯಿತು. ಇನ್ನೊಂದು ಮಾತು: 1964ರಲ್ಲಿ ಫಿಲ್ ಚಿಸ್ನಾಲ್ ಯುನೈಟೆಡ್‌ನಿಂದ ಲಿವರ್‌ಪೂಲ್‌ಗೆ ಬಂದ ಮೇಲೆ ಈ ಎರಡು ಕ್ಲಬ್‌ಗಳ ನಡುವೆ ನೇರವಾಗಿ ಒಬ್ಬ ಆಟಗಾರನ ಮಾರಾಟವೂ ಆಗಿಲ್ಲ.

ಹಾಗಾದರೆ ಇದು ದ್ವೇಷವಾ ಅಂತ ಕೆಲವರು ಮುಂದುವರಿಸುತ್ತಾರೆ. ಕೆಲವರಿಗೆ ಹೌದು, ಅದು ನನಗೆ ಸ್ವಲ್ಪವೂ ಹಿಡಿಸಲ್ಲ. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಯುನೈಟೆಡ್ ಆಟಗಾರರು ಸತ್ತರು. 1989ರಲ್ಲಿ ಹಿಲ್ಸ್‌ಬರೊ ಮೈದಾನದಲ್ಲಿ ಜನ ಒತ್ತರಿಸಿಕೊಂಡು ಆದ ದುರಂತ 97 ಲಿವರ್‌ಪೂಲ್ ಅಭಿಮಾನಿಗಳ ಜೀವ ತೆಗೆಯಿತು. ಈ ಸಾವುಗಳನ್ನು ಆಡಿಕೊಂಡು ಕೂಗುವವರು ಎರಡೂ ಕಡೆ ಇದ್ದಾರೆ. ಅದು ಅಭಿಮಾನ ಅಲ್ಲವೇ ಅಲ್ಲ. 2023ರ ಆ ಪಂದ್ಯಕ್ಕೆ ಮುಂಚೆ ಆಗಿನ ನಮ್ಮ ಕೋಚ್ ಕ್ಲಾಪ್ ಮತ್ತು ಅವರ ಕೋಚ್ ಟೆನ್ ಹಾಗ್ ಇಬ್ಬರೂ ಸೇರಿ ಇದನ್ನು ನಿಲ್ಲಿಸಿ ಅಂತ ಕೇಳಿಕೊಂಡಿದ್ದರು. ನನಗೆ ಹೆಮ್ಮೆ ತಂದದ್ದು 2022ರ ಏಪ್ರಿಲ್. ರೊನಾಲ್ಡೊನ ನವಜಾತ ಮಗು ತೀರಿಕೊಂಡ ಸುದ್ದಿ ಹಿಂದಿನ ದಿನ ಬಂದಿತ್ತು. ಅವನ ಅಂಗಿಯ ಸಂಖ್ಯೆ ಏಳು, ಅದಕ್ಕೇ ಏಳನೇ ನಿಮಿಷದಲ್ಲಿ ಆನ್‌ಫೀಲ್ಡ್ ಪೂರ್ತಿ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ತಮ್ಮ ಹಾಡನ್ನು ಅವನಿಗಾಗಿ ಹಾಡಿತು. ಆಮೇಲೆ ನಮ್ಮವರು 4-0ಯಿಂದ ಗೆದ್ದರು.

ಹಾಗಾಗಿ ಯುನೈಟೆಡ್ ಕುಸಿದು ಬೀಳಲಿ ಅನ್ನುವ ಆಸೆ ನನಗಿಲ್ಲ. 2013ರಲ್ಲಿ ಅವರು 20ನೇ ಲೀಗ್ ಗೆದ್ದರು, 2025ರಲ್ಲಿ ನಾವು 20 ಮುಟ್ಟಿದೆವು. 21ನೆಯದು ಮೊದಲು ನಮ್ಮದಾಗಬೇಕು. ಅದೂ ಕೊನೆಯ ವಾರದವರೆಗೆ ಅವರು ಬೆನ್ನು ಹತ್ತಿ, ಎರಡನೇ ಸ್ಥಾನದಲ್ಲಿ ನಿಂತಿರುವಾಗ.