ಲ್ಯಾಬ್ ಇಲ್ಲದ ರಸಾಯನಶಾಸ್ತ್ರ

ನಾವು ಓದುವ ಕಾಲಕ್ಕೆ ನಮ್ಮ ಹೈಸ್ಕೂಲಿನ ಲ್ಯಾಬ್ ಅಂದರೆ ಬೀಗ ಹಾಕಿದ ಒಂದು ಬೀರು, ಅಷ್ಟೇ. ವಿಜ್ಞಾನದ ಮೇಷ್ಟ್ರು ಬಣ್ಣದ ಸೀಮೆಸುಣ್ಣ ಹಿಡಿದು ಫ್ಲಾಸ್ಕು, ಕೊಳವೆ, ಅನಿಲ ತುಂಬುವ ಜಾಡಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆಮ್ಲಜನಕ ಗುಳ್ಳೆಗುಳ್ಳೆಯಾಗಿ ಏರುವುದನ್ನು ಬಾಯಿಮಾತಿನಲ್ಲೇ ತೋರಿಸುತ್ತಿದ್ದರು. "ಸರ್, ಕಣ್ಣಲ್ಲಿ ನೋಡದೆ ಹೇಗೆ ಕಲಿಯೋದು?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ ದಿನ ಅವರು ಪಾಠ ನಿಲ್ಲಿಸಿ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಅವರ ವಿಷಯ ಹೇಳಿದರು.

1924ರ ಪ್ಯಾರಿಸ್ ಒಲಿಂಪಿಕ್ಸಿನ 400 ಮೀಟರ್ ಓಟವನ್ನು 47.6 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದ ಲಿಡೆಲ್, ಮರುವರ್ಷವೇ ತಾವು ಹುಟ್ಟಿದ ಚೀನಾದ ಟಿಯಾಂಜಿನ್‌ಗೆ ಮೇಷ್ಟ್ರಾಗಿ ಮರಳಿದರು. 1943ರಲ್ಲಿ ಜಪಾನೀಯರು ಅವರನ್ನು ಶಾಂಡೊಂಗ್ ಪ್ರಾಂತ್ಯದ ವೇಹ್ಸಿಯೆನ್ ಶಿಬಿರದಲ್ಲಿ ಸೆರೆಯಿಟ್ಟರು. ಅಲ್ಲಿ ಲ್ಯಾಬಿನ ಮಾತೇ ಇರಲಿಲ್ಲ. ಲಿಡೆಲ್ ಉಪಕರಣಗಳ ಚಿತ್ರ ಬರೆದು ರಸಾಯನಶಾಸ್ತ್ರ ಕಲಿಸಿದರು.

ಆ ಊರಿನ ಹೆಸರು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮುಂದೆ ನಾನೂ ಶಿಕ್ಷಕನಾದ ಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

1941ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡುತ್ತಿದ್ದಂತೆ, ಜಪಾನೀಯರ ಹಿಡಿತದಲ್ಲಿದ್ದ ಚೀನಾದ ಊರುಗಳಲ್ಲಿ ನೆಲೆಸಿದ್ದ ಬ್ರಿಟಿಷರು, ಅಮೆರಿಕನ್ನರು ರಾತ್ರೋರಾತ್ರಿ ಶತ್ರುಗಳಾದರು. ವ್ಯಾಪಾರಿಗಳು, ಪಾದ್ರಿಗಳು, ಸಂಗೀತಗಾರರು, ಕೂಸು ಎತ್ತಿಕೊಂಡ ತಾಯಂದಿರು ಹೀಗೆ ಸುಮಾರು 1,500 ಮಂದಿ ವೇಹ್ಸಿಯೆನ್‌ನ ಹಳೆಯ ಮಿಷನ್ ಆವರಣದೊಳಗೆ ಬಂದು ಬಿದ್ದರು. 1943ರ ಸೆಪ್ಟೆಂಬರಿನಲ್ಲಿ ಚೀಫೂ ಎಂಬ ಕಡಲತೀರದ ಊರಿನಿಂದ ಇಡೀ ಒಂದು ವಸತಿ ಶಾಲೆಯೇ ಅಲ್ಲಿಗೆ ಬಂತು. ಮಕ್ಕಳ ಅಪ್ಪ ಅಮ್ಮಂದಿರು ಎಲ್ಲೋ ಒಳನಾಡಿನಲ್ಲಿ ಮಿಷನರಿಗಳಾಗಿದ್ದರು. ಕೆಲವು ಮಕ್ಕಳು ಐದು ವರ್ಷಕ್ಕೂ ಹೆಚ್ಚು ಕಾಲ ಹೆತ್ತವರ ಮುಖ ಕಾಣಲಿಲ್ಲ. ಅಷ್ಟೂ ದಿನ ಅವರಿಗೆ ತಂದೆ ತಾಯಿ ಎಲ್ಲ ಆ ಶಾಲೆಯ ಶಿಕ್ಷಕರೇ.

ಆ ಶಿಕ್ಷಕರ ವಿಷಯ ಓದುವಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಮಂಚ, ಟ್ರಂಕುಗಳ ಮೇಲೆ ಮಕ್ಕಳನ್ನು ಕೂರಿಸಿ ಪಾಠ ನಡೆಸಿದರು. ಸೋಪಿನ ಡಬ್ಬಿಯಲ್ಲಿ ಗಂಜಿಯಂಥದ್ದನ್ನು ಉಣ್ಣುವಾಗಲೂ ಬೆನ್ನು ನೆಟ್ಟಗಿರಬೇಕು, ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಬಾರದು ಎಂದು ಗದರುತ್ತಿದ್ದರು. ಕಲ್ಲಿದ್ದಲಿನ ಪುಡಿಯನ್ನು ಮಣ್ಣಿನ ಜೊತೆ ಕಲಸಿ ಉಂಡೆ ಕಟ್ಟುವ ಕೆಲಸವನ್ನೂ ಆಟವಾಗಿಸಿದರು. ಬೆಳೆಯುವ ಮಕ್ಕಳ ಮೂಳೆಗೆ ಸುಣ್ಣದ ಅಂಶ ಬೇಕಲ್ಲ? ಮೊಟ್ಟೆಯ ಚಿಪ್ಪನ್ನು ಕುಟ್ಟಿ ಪುಡಿಮಾಡಿ ಚಮಚದಲ್ಲಿ ತಿನ್ನಿಸಿದರು. ಶಿಬಿರಕ್ಕೆ ಮೊದಮೊದಲು ಮೊಟ್ಟೆ ಬರುತ್ತಿದ್ದುದು ಬಹುಪಾಲು ಕಳ್ಳದಾರಿಯಲ್ಲಿ. ಗೋಡೆಯಾಚೆಯ ಚೀನೀ ರೈತರಿಂದ ಅದನ್ನು ತರಿಸುತ್ತಿದ್ದವರಲ್ಲಿ ಸ್ಕ್ಯಾನ್ಲನ್ ಎಂಬ ಸನ್ಯಾಸಿ ಮುಖ್ಯರು. ಸಿಕ್ಕಿಬಿದ್ದಾಗ ಅವರನ್ನು ಒಂಟಿ ಕೋಣೆಗೆ ಹಾಕಿದರು. ಅವರು ರಾತ್ರಿಯೆಲ್ಲ ಗಟ್ಟಿ ದನಿಯಲ್ಲಿ ಪ್ರಾರ್ಥನೆ ಹಾಡಿ ಕಾವಲುಗಾರರ ನಿದ್ದೆ ಕೆಡಿಸಿದರು!

ಲಿಡೆಲ್ ಮಕ್ಕಳಿಗೆ 'ಎರಿಕ್ ಅಂಕಲ್' ಆಗಿದ್ದರು. ಮುರಿದ ಹಾಕಿ ಸ್ಟಿಕ್ಕುಗಳನ್ನು ರಿಪೇರಿ ಮಾಡಿಕೊಡುತ್ತಿದ್ದರು. ಭಾನುವಾರ ದೇವರ ದಿನ, ಓಡುವುದಿಲ್ಲವೆಂದು ಪ್ಯಾರಿಸ್ಸಿನಲ್ಲಿ 100 ಮೀಟರ್ ಓಟವನ್ನೇ ಬಿಟ್ಟಿದ್ದವರು, ಇಲ್ಲಿ ಮಕ್ಕಳು ಜಗಳವಾಡದಿರಲೆಂದು ಭಾನುವಾರವೂ ರೆಫರಿಯಾಗಿ ನಿಂತರು. ಮಕ್ಕಳಿಗಾಗಿ ಆ ನಿಯಮವನ್ನು ಬಿಟ್ಟುಕೊಟ್ಟದ್ದು ಚಿನ್ನದ ಪದಕಕ್ಕಿಂತ ದೊಡ್ಡದೆಂದು ನಾನು ನಂಬಿದ್ದೇನೆ. ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ 1941ರಲ್ಲೇ ಕೆನಡಾಕ್ಕೆ ಕಳಿಸಿದ್ದರು. ಮೂರನೆಯ ಮಗಳನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1945ರ ಫೆಬ್ರವರಿ 21ರಂದು ಮೆದುಳಿನ ಗೆಡ್ಡೆಯಿಂದ ಶಿಬಿರದಲ್ಲೇ ತೀರಿಕೊಂಡರು. ಆಗ ಅವರಿಗೆ 43 ವರ್ಷ.

ನಮ್ಮ ಮೇಷ್ಟ್ರು ಕಥೆಯನ್ನು ಅಲ್ಲಿಗೇ ಮುಗಿಸಿದ್ದರು, ತರಗತಿಯಲ್ಲಿ ಯಾರೂ ಮಾತಾಡಿರಲಿಲ್ಲ. ಉಳಿದದ್ದನ್ನು ಈ ಸಂಚಿಕೆಯಲ್ಲಿ ನಾನು ಹೇಳಬೇಕು. ಅದೇ ವರ್ಷ ಆಗಸ್ಟ್ 17ರಂದು ಸೆರೆಯಲ್ಲಿದ್ದವರನ್ನು ಬಿಡಿಸಲು ಅಮೆರಿಕದ ವಿಮಾನವೊಂದರಿಂದ ಏಳು ಮಂದಿ ಪ್ಯಾರಾಚೂಟಿನಲ್ಲಿ ಶಿಬಿರದಾಚೆಯ ಜೋಳದ ಹೊಲಗಳಲ್ಲಿ ಇಳಿದರು. ಜನ ಗೇಟು ದಾಟಿ ಬರಿಗಾಲಲ್ಲೇ ಓಡಿ ಅವರನ್ನು ಹೆಗಲ ಮೇಲೆ ಹೊತ್ತು ತಂದರು. ಆ ದಿನಕ್ಕಾಗಿಯೇ ಶಿಬಿರದಲ್ಲಿದ್ದ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಬ್ಯಾಂಡು ಹಲವು ದೇಶಗಳ ರಾಷ್ಟ್ರಗೀತೆಗಳನ್ನು ಸೇರಿಸಿ ಅಭ್ಯಾಸ ಮಾಡಿಟ್ಟುಕೊಂಡಿತ್ತು. ಆಗ ಶಿಬಿರದಲ್ಲಿ 12 ವರ್ಷದ ಹುಡುಗಿಯಾಗಿದ್ದ ಮೇರಿ ಪ್ರೆವಿಟ್ ಮುಂದೆ ನ್ಯೂಜೆರ್ಸಿಯ ಶಾಸಕಿಯಾದರು. ಅರ್ಧ ಶತಮಾನದ ನಂತರ ಆ ಏಳು ಮಂದಿಯನ್ನು ಹುಡುಕಿ, ಬದುಕಿದ್ದವರಿಗೆ ಧನ್ಯವಾದ ಹೇಳಿದರು.

ಇನ್ನೊಂದು ವಿಷಯ ನಮ್ಮ ಮೇಷ್ಟ್ರಿಗೆ ಗೊತ್ತಿದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ. ಸೆರೆಯಲ್ಲಿದ್ದೇವೆಂದು ಚೀಫೂ ಶಿಕ್ಷಕರು ಪಬ್ಲಿಕ್ ಪರೀಕ್ಷೆಯನ್ನು ಬಿಡಲಿಲ್ಲ. ಆಕ್ಸ್‌ಫರ್ಡ್‌ನ ಶಾಲಾ ಪರೀಕ್ಷೆಯ ಮಟ್ಟಕ್ಕೇ ಮಕ್ಕಳನ್ನು ತಯಾರು ಮಾಡಿ, ಅರೆಹೊಟ್ಟೆಯಲ್ಲೇ ಬರೆಸಿದರು. ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್ ಅದನ್ನು ಮಾನ್ಯ ಮಾಡಿತು. ಬರೆದವರಲ್ಲಿ ಬಹುತೇಕರು ಪಾಸಾಗಿದ್ದರು.