ಲಿಂಕ್ಡ್ ಲಿಸ್ಟ್ ಕೈಯಲ್ಲಿ ಯಾಕೆ ಬರೀಬೇಕು ಅಣ್ಣಾ?

ಇಂಜಿನಿಯರಿಂಗ್ ಥರ್ಡ್ ಸೆಮ್ ಶುರುವಾಗಿ ಒಂದು ತಿಂಗಳಾಗುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕಾಲೇಜಿನ ಜೂನಿಯರ್‌ಗಳು ಕೇಳುತ್ತಾರೆ, ಪಕ್ಕದ ಮನೆ ಹುಡುಗಿ ಕೇಳುತ್ತಾಳೆ. ಹೋದ ವರ್ಷ ಚಿಕ್ಕಮ್ಮನ ಮಗ ಕೇಳಿದ. "ಅಣ್ಣಾ, ಪೈಥಾನ್‌ನಲ್ಲಿ ಎಲ್ಲ ರೆಡಿ ಸಿಗುತ್ತೆ. ಇಲ್ಲಾಂದ್ರೆ ಎಐ ಬರೆದುಕೊಡುತ್ತೆ. ಮತ್ತೆ ಈ ಡೇಟಾ ಸ್ಟ್ರಕ್ಚರ್ಸ್‌ನ ಸಿ ಭಾಷೆಯಲ್ಲಿ, ಅದೂ ಪಾಯಿಂಟರ್ ಜೊತೆ ಗುದ್ದಾಡಿಕೊಂಡು ಯಾಕೆ ಬರೀಬೇಕು? ಕೆಲಸದಲ್ಲಿ ಯಾರಾದ್ರೂ ಬರೀತಾರಾ?"

ಇಲ್ಲಪ್ಪ, ಬರೆಯುವುದಿಲ್ಲ. ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಯಿತು, ನಾನು ಒಂದು ಸಲವೂ ಲಿಂಕ್ಡ್ ಲಿಸ್ಟ್ ಬರೆದಿಲ್ಲ. ಡೇಟಾ ಸ್ಟ್ರಕ್ಚರ್ ಅಂದರೆ ಮಾಹಿತಿಯನ್ನು ಮೆಮೊರಿಯಲ್ಲಿ ಜೋಡಿಸಿಡುವ ರೀತಿ. ಲಿಂಕ್ಡ್ ಲಿಸ್ಟ್ ಅಂಥದ್ದೊಂದು: ಒಂದೊಂದು ಡಬ್ಬಿಯೂ ಮುಂದಿನ ಡಬ್ಬಿ ಎಲ್ಲಿದೆ ಅಂತ ಬಾಣ ತೋರಿಸುವ ಸರಪಳಿ. ಆ ಬಾಣವೇ ಪಾಯಿಂಟರ್.

ಆದರೂ ಬರೀರಿ ಅನ್ನುತ್ತೇನೆ. ಯಾಕೆ ಅಂತ ಹೇಳುವುದಕ್ಕೆ ನನ್ನ ಮಾನ ಹೋದ ಕಥೆಯಿಂದಲೇ ಶುರು ಮಾಡಬೇಕು.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್ ಓದಿದವರಿಗೆ ಆ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಗೊತ್ತು. ಸ್ಟ್ಯಾಕ್, ಇನ್‌ಫಿಕ್ಸ್‌ನಿಂದ ಪೋಸ್ಟ್‌ಫಿಕ್ಸ್, ಸರ್ಕ್ಯುಲರ್ ಕ್ಯೂ, ವಿದ್ಯಾರ್ಥಿಗಳ ಯುಎಸ್‌ಎನ್ (ರಿಜಿಸ್ಟರ್ ನಂಬರ್), ಹೆಸರು, ಬ್ರಾಂಚ್ ಇಟ್ಟುಕೊಂಡ ಸಿಂಗ್ಲಿ ಲಿಂಕ್ಡ್ ಲಿಸ್ಟ್, ಆಮೇಲೆ ಟ್ರೀ, ಗ್ರಾಫ್, ಕೊನೆಗೆ ಹ್ಯಾಶಿಂಗ್. ಪರೀಕ್ಷೆ ದಿನ ಚೀಟಿ ಎತ್ತಬೇಕು. ನಾನು ಎಲ್ಲವನ್ನೂ ಸೆಮಿಕೋಲನ್ ಸಮೇತ ಬಾಯಿಪಾಠ ಹೊಡೆದಿದ್ದೆ. ಲಿಂಕ್ಡ್ ಲಿಸ್ಟ್ ಬಂತು. ಬರೆದೆ, ಔಟ್‌ಪುಟ್ಟೂ ಬಂತು. ಎಕ್ಸ್‌ಟರ್ನಲ್ ಮೇಡಂ ನನ್ನ ಹಾಳೆ ನೋಡಿ ಎರಡು ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. "ಇವೆರಡನ್ನು ಹಿಂದುಮುಂದು ಮಾಡಿದ್ರೆ ಏನಾಗುತ್ತಪ್ಪ?"

ಲಿಸ್ಟಿನ ಮುಂದೆ ಹೊಸ ನೋಡ್, ಅಂದರೆ ಹೊಸ ಡಬ್ಬಿ, ಸೇರಿಸುವ ಸಾಲುಗಳು ಅವು. ಹೆಡ್ ಅಂದರೆ ಲಿಸ್ಟಿನ ಮೊದಲ ಡಬ್ಬಿಯನ್ನು ತೋರಿಸುವ ಬಾಣ, ನೆಕ್ಸ್ಟ್ ಅಂದರೆ ಒಂದು ಡಬ್ಬಿಯಿಂದ ಮುಂದಿನದಕ್ಕೆ ಹೋಗುವ ಬಾಣ. ಮೊದಲ ಸಾಲಿನಲ್ಲಿ ಹೊಸ ನೋಡ್‌ನ ನೆಕ್ಸ್ಟ್ ಈಗಿರುವ ಹೆಡ್ ಕಡೆ ತೋರಿಸುತ್ತದೆ. ಎರಡನೇ ಸಾಲಿನಲ್ಲಿ ಹೆಡ್ ಹೊಸ ನೋಡ್‌ಗೆ ಬರುತ್ತದೆ. "ಏನೂ ಆಗಲ್ಲ ಮೇಡಂ" ಅಂದೆ. ಅವರು ಬೈಯಲಿಲ್ಲ. ಹಾಳೆಯಲ್ಲಿ ಮೂರು ಡಬ್ಬಿ ಬರೆದು, ಬಾಣ ಹಾಕಿ, ಪೆನ್ಸಿಲ್ ನನ್ನ ಕೈಗೆ ಕೊಟ್ಟರು. ಹೆಡ್ಡನ್ನು ಮೊದಲೇ ಹೊಸ ಡಬ್ಬಿಗೆ ತಂದೆ. ಈಗ ಅದರ ನೆಕ್ಸ್ಟ್ ಹೆಡ್ ಕಡೆ ತೋರಿಸಬೇಕು. ಹೆಡ್ ಅಂದರೆ ಅದೇ ಡಬ್ಬಿ! ಬಾಣ ತಿರುಗಿ ತನ್ನ ಮೇಲೆಯೇ ಬಂದು ಕೂತಿತು. ಹಳೆಯ ಮೂರು ಡಬ್ಬಿ ಮೆಮೊರಿಯಲ್ಲಿ ಎಲ್ಲೋ ಇವೆ, ಅಲ್ಲಿಗೆ ಹೋಗುವ ದಾರಿಯೇ ಇಲ್ಲ. ಡಿಸ್‌ಪ್ಲೇ ಮಾಡಿದರೆ ಒಂದೇ ಹೆಸರು ನಿಲ್ಲದೆ ಬರುತ್ತಲೇ ಇರುತ್ತದೆ. ವೈವಾ ಮಾರ್ಕ್ಸ್ ಹೋಯಿತು. ಆದರೆ ಆ ಸೆಮಿಸ್ಟರ್‌ನಲ್ಲಿ ನಾನು ನಿಜವಾಗಿ ಕಲಿತದ್ದು ಆ ಎರಡು ನಿಮಿಷದಲ್ಲೇ.

ಇದು ಕೆಲಸದಲ್ಲಿ ಎಲ್ಲಿ ಬರುತ್ತದೆ ಅಂತೀರಾ? ಸೇರಿದ ಎರಡನೇ ವರ್ಷ ಒಂದು ರಿಪೋರ್ಟ್ ಬರೆದಿದ್ದೆ. ಎರಡು ಫೈಲ್, ಒಂದೊಂದರಲ್ಲೂ ಸುಮಾರು 2 ಲಕ್ಷ ಗ್ರಾಹಕರ ನಂಬರ್. ಇದರಲ್ಲಿರುವುದು ಅದರಲ್ಲಿ ಇದೆಯಾ ಅಂತ ನೋಡಬೇಕು, ಅಷ್ಟೇ. ಪೈಥಾನ್ ಲಿಸ್ಟ್‌ನಲ್ಲಿ 'ಇನ್' ಅಂತ ಬರೆದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. 200 ನಂಬರ್ ಇಟ್ಟುಕೊಂಡು ಟೆಸ್ಟ್ ಮಾಡಿದಾಗ ಚಕ್ ಅಂತ ಮುಗಿದಿತ್ತು. ನಿಜವಾದ ಫೈಲ್ ಕೊಟ್ಟಾಗ ಅರ್ಧ ಗಂಟೆಯಾದರೂ ಸದ್ದಿಲ್ಲ. ಆ ಪುಟ್ಟ 'ಇನ್' ಒಳಗೆ ಪೈಥಾನ್ ಪ್ರತಿ ಸಲವೂ ಲಿಸ್ಟಿನ ಮೊದಲಿಂದ ಒಂದೊಂದನ್ನೇ ಹೋಲಿಸುತ್ತಾ ಹೋಗುತ್ತದೆ. 2 ಲಕ್ಷ ಸಲ 2 ಲಕ್ಷ ಅಂದರೆ ಹೆಚ್ಚೆಂದರೆ 4,000 ಕೋಟಿ ಹೋಲಿಕೆ. ಲಿಸ್ಟ್ ತೆಗೆದು ಸೆಟ್ ಹಾಕಿದೆ. ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಮುಗಿಯಿತು. ಸೆಟ್ ಒಳಗಿರುವುದು ಹ್ಯಾಶ್ ಟೇಬಲ್. ಎಲ್ಲಿ ಹುಡುಕಬೇಕು ಅನ್ನುವುದನ್ನು ನಂಬರಿನಿಂದಲೇ ಲೆಕ್ಕ ಹಾಕಿಕೊಳ್ಳುತ್ತದೆ. ಲ್ಯಾಬ್‌ನ ಕೊನೆಯ ಪ್ರೋಗ್ರಾಂ ಇದೇ, ನಾಲ್ಕಂಕಿ ಕೀ ತಗೊಂಡು ಟೇಬಲ್ ಸೈಜಿನಿಂದ ಭಾಗಿಸಿ ಶೇಷ ನೋಡುತ್ತೇವಲ್ಲ, ಅದು.

ಲಿಸ್ಟೂ ರೆಡಿ ಇತ್ತು, ಸೆಟ್ಟೂ ರೆಡಿ ಇತ್ತು. ಯಾವುದನ್ನು ಎತ್ತಿಕೊಳ್ಳಬೇಕು ಅನ್ನುವುದು ಮಾತ್ರ ರೆಡಿ ಇರಲಿಲ್ಲ. ಎಐ ವಿಷಯವೂ ಹಾಗೇ. ಮೊನ್ನೆ ಅದು ನನಗೊಂದು ಕ್ಯೂ ಬರೆದುಕೊಟ್ಟಿತು. ನೋಡಿದರೆ ಮಾಮೂಲಿ ಲಿಸ್ಟು, ಮುಂದಿನಿಂದ ತೆಗೆಯಲು 'ಪಾಪ್ ಸೊನ್ನೆ'. ಉತ್ತರ ಸರಿಯಾಗೇ ಬರುತ್ತದೆ. ಆದರೆ ಒಂದನ್ನು ತೆಗೆದಾಗಲೆಲ್ಲ ಹಿಂದಿನವೆಲ್ಲ ಒಂದೊಂದು ಜಾಗ ಮುಂದೆ ಸರಿಯಬೇಕು. ಹತ್ತು ಜನರ ಸಾಲಾದರೆ ಪರವಾಗಿಲ್ಲ, ಹತ್ತು ಲಕ್ಷವಾದರೆ? ಪೈಥಾನ್‌ನಲ್ಲಿ ಇದಕ್ಕೆ ಅಂತಲೇ, ಎರಡೂ ತುದಿಯಿಂದ ಬೇಗ ತೆಗೆಯಬಲ್ಲ ಡೆಕ್ ಇದೆ.

ಓದೋದು ಹೇಗೆ ಅಂತ ಕೇಳುವವರಿಗೆ: ಟೈಪ್ ಮಾಡುವ ಮೊದಲು ಡಬ್ಬಿ, ಬಾಣ ಬರೀರಿ. ಆಮೇಲೆ ಬೇಕಂತಲೇ ಕೆಡಿಸಿ. ನಿಮ್ಮ ಕ್ಲಾಸಿನ 60 ಜನರ ಯುಎಸ್‌ಎನ್‌ಗಳನ್ನು ಬೈನರಿ ಸರ್ಚ್ ಟ್ರೀಗೆ (ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ ಹೋಗುವ ಮರ) 001, 002, 003 ಅಂತ ಹಾಜರಿ ಕ್ರಮದಲ್ಲೇ ಹಾಕಿ ನೋಡಿ. ಒಂದೂ ಎಡಕ್ಕೆ ಹೋಗುವುದಿಲ್ಲ. ಎಲ್ಲವೂ ಬಲಕ್ಕೇ ಜೋತುಬಿದ್ದು ಮರ ಹೋಗಿ ಹಗ್ಗವಾಗುತ್ತದೆ. ಆರು ಹೋಲಿಕೆಯಲ್ಲಿ ಸಿಗಬೇಕಾದ ಕೊನೆಯ ಹುಡುಗನಿಗೆ ಅರವತ್ತು ಬೇಕು. ಈ ತೊಂದರೆಗೇ 1962ರಲ್ಲಿ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಎಂಬ ಇಬ್ಬರು ಸೋವಿಯತ್ ಗಣಿತಜ್ಞರು ತಾನೇ ಸಮತೋಲ ಮಾಡಿಕೊಳ್ಳುವ ಮರ ತಂದರು. ಎವಿಎಲ್ ಅನ್ನುವ ಮೂರಕ್ಷರ ಅವರ ಹೆಸರುಗಳೇ. ಹಗ್ಗ ನೋಡಿದ ಮೇಲೆ ಓದಿದರೆ ಆ ಮರವನ್ನು ಸಮ ಮಾಡುವ ರೊಟೇಶನ್‌ಗಳು ಅಷ್ಟು ಹೆದರಿಸುವುದಿಲ್ಲ.

ಸಿ ಬೇಡ, ಪೈಥಾನ್‌ನಲ್ಲೇ ಮಾಡ್ತೀನಿ ಅಂದರೂ ನನ್ನದೇನೂ ತಕರಾರಿಲ್ಲ. ಬಾಣ ಅಲ್ಲೂ ಇದೆ, ಸ್ವಲ್ಪ ಮುಚ್ಚಿಟ್ಟಿದ್ದಾರೆ ಅಷ್ಟೇ. ಆದರೆ ಲ್ಯಾಬ್ ಪರೀಕ್ಷೆಯಲ್ಲಿ ಸಿ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.