ನರ್ಸ್ ಹೇಳಿದ್ದನ್ನು ಕೇಳಿಸಿಕೊಳ್ಳುವವರು ಬೇಕು

ಬೆಂಗಳೂರಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಒಬ್ಬರ ಹಿಂದೆ ಒಬ್ಬರು ಕೆಲಸ ಬಿಡುವ ವಿಚಾರ ಬಂದಾಗಲೆಲ್ಲ ಕೇಳಿಬರುವ ಕಾರಣಗಳು ಎರಡೇ: ಸಂಬಳ ಕಡಿಮೆ, ಈಗಿನ ಮಕ್ಕಳಿಗೆ ಸೇವಾ ಮನೋಭಾವ ಇಲ್ಲ. ಮೊದಲನೆಯದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಎರಡನೆಯದನ್ನು ನಾನು ಒಪ್ಪುವುದೇ ಇಲ್ಲ. ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದು, ಈಗ ಹೊಸದಾಗಿ ಸೇರುವವರಿಗೆ ತರಬೇತಿ ಕೊಡುತ್ತಿರುವ ನನಗೆ ಕಾಣುವುದೇನೆಂದರೆ, ಸೇರುವ ದಿನ ಅವರಲ್ಲಿ ಉತ್ಸಾಹಕ್ಕೆ ಕೊರತೆ ಇರುವುದಿಲ್ಲ. ತಾನು ಗಮನಿಸಿದ್ದಕ್ಕೆ, ಬರೆದದ್ದಕ್ಕೆ, ಹೇಳಿದ್ದಕ್ಕೆ ಇಲ್ಲಿ ಬೆಲೆಯಿಲ್ಲ ಎಂಬುದು ಮನಸ್ಸಿಗೆ ನಾಟುತ್ತ ಹೋದಂತೆ ಅದು ಕುಗ್ಗುತ್ತದೆ.

ಸಂಬಳದ ಮಾತನ್ನು ಮೊದಲು ಮುಗಿಸುತ್ತೇನೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳು ತಮ್ಮ ನರ್ಸ್‌ಗಳಿಗೆ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ವೇತನ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಗಳ ಕಡೆಯೂ ವೇತನ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದೆಂದೂ ಶಿಫಾರಸು ಮಾಡಿತು. ನಗರದ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ಹುಡುಗಿಯರನ್ನು ಮಾತನಾಡಿಸಿದರೆ ಆ ಶಿಫಾರಸಿನ ಗತಿ ಏನಾಯಿತೆಂಬುದು ತಿಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಬಳ ಮತ್ತು ಆಡಳಿತದ ನಿಯಮಗಳು ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಅವು ಸರಿಯಾದ ಮಾತ್ರಕ್ಕೆ ಹುಮ್ಮಸ್ಸು ಹುಟ್ಟುವುದಿಲ್ಲ, ಹುಮ್ಮಸ್ಸು ಬರುವುದು ಕೆಲಸದಿಂದಲೇ, ಸಾಧನೆಯಿಂದ ಮತ್ತು ಮನ್ನಣೆಯಿಂದ ಎಂದು ವಾದಿಸಿದರು. ನರ್ಸಿಂಗ್ ಕಾಲೇಜುಗಳಲ್ಲಿ ಈ ಸಿದ್ಧಾಂತವನ್ನು ಇಂದಿಗೂ ಪಾಠ ಮಾಡುತ್ತಾರೆ. ಆದರೆ ಹರ್ಜ್‌ಬರ್ಗ್ ಮಾತನಾಡಿಸಿದ್ದು ಎಂಜಿನಿಯರ್‌ಗಳನ್ನು ಮತ್ತು ಲೆಕ್ಕಿಗರನ್ನು. ಪಿಜಿ ಬಾಡಿಗೆ, ಓದಿನ ಸಾಲದ ಕಂತು, ಊರಿಗೆ ಕಳಿಸುವ ಹಣ ಎಲ್ಲವನ್ನೂ ಒಂದೇ ಸಂಬಳದಲ್ಲಿ ತೂಗಿಸಬೇಕಾದವಳಿಗೆ ಆ ಸಂಬಳವೇ ಆಸ್ಪತ್ರೆ ತನ್ನನ್ನು ಎಷ್ಟು ಗೌರವಿಸುತ್ತದೆ ಎಂಬುದರ ಅಳತೆಯಾಗಿಬಿಡುತ್ತದೆ. ಆದ್ದರಿಂದ ಮನ್ನಣೆಯ ಬಗ್ಗೆ ಮಾತನಾಡುವ ಹಕ್ಕು ನ್ಯಾಯವಾದ ಸಂಬಳ ಕೊಡುವವರಿಗೆ ಮಾತ್ರ ಇದೆ ಎಂದು ನಾನು ನಂಬಿದ್ದೇನೆ.

ನ್ಯಾಯವಾದ ಸಂಬಳ ಕೊಡುವ ಕಡೆಯೂ ನರ್ಸ್‌ಗಳು ಮಂಕಾಗುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಇಸಾಬೆಲ್ ಮೆಂಜಿಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ನಡೆಸಿ, 1960ರಲ್ಲಿ ಪ್ರಕಟಿಸಿದ ಅಧ್ಯಯನ. ನೋವು, ಸಾವು, ದೇಹದ ಅಸಹ್ಯಗಳನ್ನು ದಿನವೂ ಎದುರಿಸುವ ನರ್ಸ್‌ನಲ್ಲಿ ಹುಟ್ಟುವ ತಳಮಳವನ್ನು ತಡೆಯಲು ಆಸ್ಪತ್ರೆಯ ವ್ಯವಸ್ಥೆಯೇ ಕೆಲವು ಉಪಾಯಗಳನ್ನು ಮಾಡಿಕೊಂಡಿರುತ್ತದೆ ಎಂದು ಆಕೆ ತೋರಿಸಿದರು. ಕೆಲಸವನ್ನು ತುಂಡು ತುಂಡು ಮಾಡಿ ಹಂಚಿ, ಒಬ್ಬ ನರ್ಸ್ ಒಬ್ಬ ರೋಗಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲದಂತೆ ನೋಡಿಕೊಳ್ಳುವುದು ಅದರಲ್ಲಿ ಒಂದು. ರೋಗಿಯನ್ನು ಹೆಸರಿನಿಂದ ಕರೆಯದೆ ‘10ನೇ ಹಾಸಿಗೆಯ ಲಿವರ್’ ಎನ್ನುವುದು ಇನ್ನೊಂದು. ನಿರ್ಧಾರದ ಭಾರ ಯಾರ ಮೇಲೂ ಬೀಳದಂತೆ ಎಲ್ಲವನ್ನೂ ಮೇಲಿನವರಿಗೆ ದಾಟಿಸುತ್ತ ಹೋಗುವುದು ಮತ್ತೊಂದು. ಈ ಉಪಾಯಗಳಿಂದ ತಳಮಳ ಕಡಿಮೆಯಾಗಲಿಲ್ಲ, ಕೆಲಸದ ತೃಪ್ತಿ ಮಾತ್ರ ಹೋಯಿತು. ತರಬೇತಿ ಅರ್ಧಕ್ಕೇ ಬಿಟ್ಟು ಹೋದವರಲ್ಲಿ ಸಮರ್ಥರೂ ಪ್ರಬುದ್ಧರೂ ಇದ್ದರು ಎಂಬ ಮಾತನ್ನು ಓದಿದಾಗ, ನಾನು ತರಬೇತಿ ಕೊಟ್ಟು ಕಳೆದುಕೊಂಡ ಹಲವು ಮುಖಗಳು ಕಣ್ಣ ಮುಂದೆ ಬಂದವು.

ನಮ್ಮ ವಾರ್ಡುಗಳಲ್ಲಿ ಇಂದು ನಡೆಯುತ್ತಿರುವುದೂ ಹೆಚ್ಚುಕಡಿಮೆ ಇದೇ. ಸಿಬ್ಬಂದಿ ಕಡಿಮೆಯಿದ್ದಾಗ ಇನ್‌ಚಾರ್ಜ್ ಸಿಸ್ಟರ್ ಒಬ್ಬಳಿಗೆ ಇಂಜೆಕ್ಷನ್, ಒಬ್ಬಳಿಗೆ ಬಿಪಿ ಮತ್ತು ಟೆಂಪರೇಚರ್, ಇನ್ನೊಬ್ಬಳಿಗೆ ಡ್ರೆಸ್ಸಿಂಗ್ ಎಂದು ಹಂಚುತ್ತಾರೆ. ಕೆಲಸವೇನೋ ವೇಗವಾಗಿ ಮುಗಿಯುತ್ತದೆ. ಆದರೆ ಮೂವತ್ತು ರೋಗಿಗಳ ಬಿಪಿ ನೋಡಿದವಳಿಗೆ ಅವರಲ್ಲಿ ಒಬ್ಬರೂ ತನ್ನ ರೋಗಿ ಎನಿಸುವುದಿಲ್ಲ. ದಾಖಲಾದ ದಿನ ಎದ್ದು ಕೂರಲಾರದ ಅಜ್ಜಿ ತಾನೇ ನಡೆದು ಮನೆಗೆ ಹೋಗುವುದನ್ನು ನೋಡುವ ಸುಖ ಅವಳಿಗೆ ಸಿಗುವುದೇ ಇಲ್ಲ, ಮತ್ತು ಈ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ.

ಸಂಖ್ಯೆಯ ಪ್ರಶ್ನೆ ಇಲ್ಲಿ ಮನಸ್ಸಿನ ಪ್ರಶ್ನೆಯೂ ಹೌದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಪರಿಶೀಲಿಸಿ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯಾದ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು, ನರ್ಸ್ ಸಂಪೂರ್ಣ ಬಳಲಿಹೋಗುವ ಸಂಭವ ಶೇ. 23ರಷ್ಟು ಏರುತ್ತದೆ. ಬಳಲಿಕೆ ಎಂದರೆ ನಿದ್ದೆ ಮಾಡಿದರೆ ಕಳೆಯುವ ದಣಿವಲ್ಲ. ಭಾವನೆಗಳು ಬತ್ತುತ್ತವೆ, ರೋಗಿಯ ನರಳಾಟ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ, ತಾನು ಮಾಡುತ್ತಿರುವುದರಿಂದ ಏನೂ ಪ್ರಯೋಜನವಿಲ್ಲ ಎಂಬ ಭಾವ ಗಟ್ಟಿಯಾಗುತ್ತದೆ. ಅಂಥವಳನ್ನು ಹೊರಗಿನವರು ‘ಸಿಡುಕಿನ ಸಿಸ್ಟರ್’ ಎನ್ನುತ್ತಾರೆ.

ಈಗ ನನಗೆ ಮುಖ್ಯವೆನಿಸುವ ವಿಷಯ. ರಾತ್ರಿ ಪಾಳಿಯಲ್ಲಿರುವ ಹೊಸ ನರ್ಸ್ ಒಬ್ಬಳು, ರೋಗಿಯ ಉಸಿರಾಟದ ವೇಗ ಸಂಜೆಗಿಂತ ಹೆಚ್ಚಾಗಿರುವುದನ್ನೂ ಅವರು ಸುಮ್ಮನೆ ಚಡಪಡಿಸುತ್ತಿರುವುದನ್ನೂ ಗಮನಿಸುತ್ತಾಳೆ ಎಂದುಕೊಳ್ಳೋಣ. ಬಿಪಿ ಸರಿಯಾಗಿಯೇ ಇದೆ. ಆದರೂ ಅನುಮಾನ ಬಂದು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾಳೆ. “ಇಷ್ಟಕ್ಕೆಲ್ಲ ಫೋನ್ ಮಾಡ್ತೀರೇನ್ರೀ?” ಎಂಬ ಉತ್ತರ ಬಂದರೆ ಅವಳು ಅಂದು ಅವಮಾನ ನುಂಗುತ್ತಾಳೆ, ಮುಂದಿನ ಸಲ ಫೋನ್ ಎತ್ತುವ ಮುನ್ನ ಹಿಂಜರಿಯುತ್ತಾಳೆ, ಕೆಲವು ತಿಂಗಳಲ್ಲಿ ಅನುಮಾನ ಪಡುವುದನ್ನೇ ಬಿಡುತ್ತಾಳೆ. ಉಸಿರಾಟದ ವೇಗ ಏರುವುದು ರೋಗಿ ಹದಗೆಡುವುದರ ಮೊದಲ ಸೂಚನೆಗಳಲ್ಲಿ ಒಂದೆಂದು ನಾವೇ ಅವಳಿಗೆ ಕಲಿಸಿರುತ್ತೇವೆ. ಕಲಿತದ್ದನ್ನು ಬಳಸಿದ್ದಕ್ಕೆ ಗದರಿಸಿಕೊಂಡವಳಲ್ಲಿ ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಉಳಿಯುವುದು ಹೇಗೆ? ಅದೇ ವೈದ್ಯರು ಬಂದು ನೋಡಿ, “ಸರಿ ಇದ್ದಾರೆ ಸಿಸ್ಟರ್, ಆದ್ರೂ ಹೇಳಿದ್ದು ಒಳ್ಳೇದಾಯ್ತು” ಎಂದರೆ ಅವಳು ಇಡೀ ವಾರ ಬೇರೆಯೇ ಹುರುಪಿನಿಂದ ಓಡಾಡುವುದನ್ನು ನಾನು ಕಂಡಿದ್ದೇನೆ.

ತಪ್ಪು ಹೇಳಿಕೊಳ್ಳುವ ವಿಚಾರದಲ್ಲೂ ಇದೇ ಕಥೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಮುಖ್ಯಸ್ಥರಿದ್ದ ನರ್ಸ್ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದುದನ್ನು ಕಂಡರು. ಅಲ್ಲಿನ ನರ್ಸ್‌ಗಳು ಭಯವಿಲ್ಲದೆ ತಪ್ಪುಗಳನ್ನು ಹೇಳಿಕೊಳ್ಳುತ್ತಿದ್ದರು ಎಂಬುದೇ ಅದಕ್ಕೆ ಕಾರಣವಾಗಿ ಕಂಡಿತು. ನಮ್ಮಲ್ಲಿ ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆ ಬಯಸುವ ಆಸ್ಪತ್ರೆಗಳು, ಆದ ತಪ್ಪನ್ನು ಬರೆದು ತಿಳಿಸುವ ಇನ್ಸಿಡೆಂಟ್ ರಿಪೋರ್ಟ್ ಫಾರ್ಮ್ ಇಟ್ಟುಕೊಂಡಿರುತ್ತವೆ. ಅದನ್ನು ತುಂಬಿದ ಮರುದಿನವೇ ಮೆಮೊ ಬರುವ ಕಡೆ, ಎರಡನೆಯ ಫಾರ್ಮ್ ತುಂಬುವವರು ಸಿಗುವುದಿಲ್ಲ.

ಐಸಿಯುಗಳಲ್ಲಿ ಇನ್ನೊಂದು ಬಗೆಯ ನೋವಿದೆ. ಸರಿಯಾದದ್ದು ಯಾವುದೆಂದು ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡುಗಳಿಂದ ಅದನ್ನು ಮಾಡಲಾಗದೆ ಒದ್ದಾಡುವ ಸ್ಥಿತಿಯನ್ನು ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ನೈತಿಕ ಸಂಕಟ ಎಂದು ಗುರುತಿಸಿದರು. ಹಣ ಮುಗಿದ ಕುಟುಂಬ ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುತ್ತೇವೆಂದು ಸಹಿ ಹಾಕಿದ ಮೇಲೆ, ಮಾನಿಟರಿನ ತಂತಿಗಳನ್ನು ಬಿಡಿಸಿ, ಫೈಲು ಜೋಡಿಸಿ, ಆಂಬುಲೆನ್ಸ್‌ವರೆಗೆ ಹೋಗಿ ಬರುವವಳು ನರ್ಸ್. ವಾಪಸ್ ಬಂದವಳು ಹತ್ತು ನಿಮಿಷದಲ್ಲಿ ಅದೇ ಹಾಸಿಗೆಯನ್ನು ಮುಂದಿನ ರೋಗಿಗೆ ಅಣಿ ಮಾಡಬೇಕು. ಅವಳ ಜೊತೆ ಆ ಬಗ್ಗೆ ಒಂದು ಮಾತನಾಡುವ ವ್ಯವಸ್ಥೆ ನಾನು ಕೆಲಸ ಮಾಡಿದ ಯಾವ ಕಡೆಯೂ ಇರಲಿಲ್ಲ.

ಮನಸ್ಸನ್ನು ಹಿಡಿದಿಡುವ ಸಂಗತಿಗಳಲ್ಲಿ ಭಾಷೆಯನ್ನೂ ಸೇರಿಸಬೇಕು. ಈ ನಗರದ ವಾರ್ಡುಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ನರ್ಸ್‌ಗಳಿದ್ದಾರೆ. ರೋಗಿಗಳೋ ಮಾಗಡಿ, ಕನಕಪುರ, ಕೋಲಾರಗಳಿಂದ ಬರುತ್ತಾರೆ. ಮಾತು ಬಾರದ ನರ್ಸ್ ಸೊಕ್ಕಿನವಳೆಂದು ರೋಗಿಯ ಕಡೆಯವರು ತಿಳಿಯುತ್ತಾರೆ, ಅವರು ತನ್ನನ್ನು ಬೈಯುತ್ತಿದ್ದಾರೆಂದು ಅವಳು ತಿಳಿಯುತ್ತಾಳೆ. ಡೆಸಿ ಮತ್ತು ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಪ್ರೇರಣೆಗೆ ಸ್ವಾತಂತ್ರ್ಯ, ಸಾಮರ್ಥ್ಯ, ಬಾಂಧವ್ಯ ಎಂಬ ಮೂರು ಬೇಕು ಎನ್ನುತ್ತಾರೆ, ನಮ್ಮಲ್ಲಿ ಆ ಮೂರನೆಯದು ಹಲವು ಸಲ “ನೋವು ಎಲ್ಲಿದೆ ಅಜ್ಜಿ, ಊಟ ಆಯ್ತಾ?” ಎಂಬಷ್ಟು ಕನ್ನಡದಿಂದಲೇ ಆರಂಭವಾಗುತ್ತದೆ. “ಸಿಸ್ಟರಮ್ಮ, ನಾಳೆ ನೀನೇ ಬರ್ತೀಯೇನವ್ವ?” ಎಂದು ಅಜ್ಜಿ ಕೇಳಿದ ದಿನ ಆ ಹುಡುಗಿಗೆ ಊರು ಅಷ್ಟು ದೂರವೆನಿಸುವುದಿಲ್ಲ.

ಸ್ವಾತಂತ್ರ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡ್ಯೂಟಿ ಪಟ್ಟಿಯನ್ನು ಹದಿನೈದು ದಿನ ಮೊದಲೇ ಹಾಕಿ, ಇಬ್ಬರು ಒಪ್ಪಿ ಪಾಳಿ ಬದಲಿಸಿಕೊಳ್ಳಲು ಬಿಟ್ಟರೆ ಸಾಕು, ಗೊಣಗಾಟ ಅರ್ಧ ನಿಲ್ಲುತ್ತದೆ.

2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ಚಪ್ಪಾಳೆ ತಟ್ಟಿದಾಗ ನಮ್ಮಲ್ಲಿ ಹಲವರ ಕಣ್ಣು ಒದ್ದೆಯಾಗಿದ್ದು ನಿಜ. ಆದರೆ ಎಲ್ಲರಿಗೂ ಒಟ್ಟಾಗಿ ಸಲ್ಲಿಸಿದ ಕೃತಜ್ಞತೆ ಬಹುಕಾಲ ಬಾಳುವುದಿಲ್ಲ. ಇಂಥ ದಿನ, ಇಂಥ ರೋಗಿಯಲ್ಲಿ, ನೀನು ಇದನ್ನು ಗಮನಿಸಿದ್ದರಿಂದ ಹೀಗಾಯಿತು ಎಂಬ ಮಾತು ಬಾಳುತ್ತದೆ. ವಾರ್ಡಿನಿಂದ ಐಸಿಯುಗೆ ಹೋದ ರೋಗಿ ಬದುಕಿದರೇ ಎಂಬುದು ಅವರನ್ನು ಕಳಿಸಿಕೊಟ್ಟ ನರ್ಸ್‌ಗೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಈಗ ನಾವು ಬೆಳಗಿನ ಹ್ಯಾಂಡೋವರ್‌ನಲ್ಲಿ, ಅಂದರೆ ಪಾಳಿ ಮುಗಿಸಿದವರು ಮುಂದಿನವರಿಗೆ ವಿವರ ಒಪ್ಪಿಸುವಾಗ, ಹಾಗೆ ಹೋದವರ ಸುದ್ದಿಯನ್ನು ಮೊದಲು ಓದುತ್ತೇವೆ, ಕೆಟ್ಟ ಸುದ್ದಿಯಾದರೂ ಓದುತ್ತೇವೆ. ರೌಂಡ್ಸ್‌ನಲ್ಲಿ ಆ ರೋಗಿಯನ್ನು ನೋಡಿಕೊಂಡ ನರ್ಸ್ ಮೊದಲು ಮಾತನಾಡಬೇಕು, ವೈದ್ಯರು ಆಮೇಲೆ ಎಂಬ ಪದ್ಧತಿಯನ್ನೂ ಒಂದು ವಾರ್ಡಿನಲ್ಲಿ ಆರಂಭಿಸಿದ್ದೇವೆ. ಅಲ್ಲಿ ಒಂದು ತೊಡಕು ಉಳಿದಿದೆ: ದೊಡ್ಡ ಡಾಕ್ಟರುಗಳ ರೌಂಡ್ಸ್ ಬೆಳಿಗ್ಗೆ ಎಂಟಕ್ಕೆ, ಪಾಳಿ ಬದಲಾಗುವುದೂ ಎಂಟಕ್ಕೆ. ರಾತ್ರಿಯಿಡೀ ರೋಗಿಯನ್ನು ನೋಡಿಕೊಂಡವಳು ಆಗ ಹೊರಟು ನಿಂತಿರುತ್ತಾಳೆ, ಬಂದು ನಿಂತವಳಿಗೆ ಇನ್ನೂ ಏನೂ ಗೊತ್ತಿರುವುದಿಲ್ಲ. ರೌಂಡ್ಸನ್ನು ಅರ್ಧ ಗಂಟೆ ಹಿಂದಕ್ಕೆ ತಂದು ಏಳೂವರೆಗೆ ಇಡಬೇಕೆಂದು ನಿರ್ದೇಶಕರಿಗೆ ಪತ್ರ ಬರೆದಿದ್ದೇನೆ. ಒಪ್ಪಿಗೆ ಬರುವವರೆಗೂ ಕೇಳುತ್ತಲೇ ಇರುತ್ತೇನೆ.